ರತ್ನಕ್ಕನ ಮಡಿ ಮತ್ತು ಒಂದು ನೀಲಿ ಪೆನ್ ಡ್ರೈವ್

ರತ್ನಕ್ಕನ ಮಡಿ ಎಂಥದು ಎಂಬುದು ಮದರಾಸಿನ ಪೆರಂಬೂರಿನ ಆ ಕಟ್ಟಡದಲ್ಲಿ ಗೊತ್ತಿಲ್ಲದವರಿಲ್ಲ. ಹಾಲಿನವನಿಗೆ ಗೊತ್ತು, ಗ್ಯಾಸ್ ಸಿಲಿಂಡರ್ ಹೊತ್ತು ತರುವವನಿಗೆ ಗೊತ್ತು, ಐದು ವರ್ಷಕ್ಕೊಮ್ಮೆ ಓಟು ಕೇಳಲು ಬರುವವರಿಗೂ ಗೊತ್ತು. ಅವಳ ಬಾಗಿಲ ಪಕ್ಕದಲ್ಲಿ ಮೊಣಕಾಲೆತ್ತರದ ಸಿಮೆಂಟಿನ ಕಟ್ಟೆಯೊಂದಿದೆ. ಕಟ್ಟಡ ಕಟ್ಟಿಸಿದವನು ಅದನ್ನು ಕೂತು ಚಪ್ಪಲಿ ಹಾಕಿಕೊಳ್ಳಲೆಂದು ಮಾಡಿಸಿದ್ದನಂತೆ. ರತ್ನಕ್ಕ ತೊಳೆದೂ ತೊಳೆದೂ ಅದನ್ನು ಕೊಡುಕೊಳ್ಳುವ ಜಾಗ ಮಾಡಿಕೊಂಡಿದ್ದಾಳೆ. ಯಾರು ಏನು ತಂದರೂ ಅದರ ಮೇಲಿಟ್ಟು ಹಿಂದೆ ಸರಿಯಬೇಕು. ಆಮೇಲೆ ಅವಳು ಬಂದು ಚೂರು ನೀರು ಚಿಮುಕಿಸಿ ಎತ್ತಿಕೊಳ್ಳುತ್ತಾಳೆ. ಕೊರಿಯರ್‌ನವರಿಗೆ ತಮಿಳಿನಲ್ಲಿ, ಊರಿನವರಿಗೆ ಕುಂದಾಪ್ರ ಕನ್ನಡದಲ್ಲಿ, ಅವಳು ಹೇಳುವುದು ಒಂದೇ ಮಾತು. ಅಲ್ಲೇ ಇಡಿ.

ಇಂಥ ರತ್ನಕ್ಕನ ಮನೆಯ ಕಂಪ್ಯೂಟರಿಗೆ ಸೋಂಕು ತಗುಲಿತು ಎಂದರೆ ಕೇಳಿದವರಿಗೆ ನಗು ಬರಬಹುದು. ಆ ಭಾನುವಾರ ಅವಳಿಗೆ ಮಾತ್ರ ನಗು ಬರುವಂತಿರಲಿಲ್ಲ. ಬೆಳಿಗ್ಗೆಯಿಂದ ಹೊಟ್ಟೆಗೆ ಒಂದು ತುತ್ತು ಹೋಗಿರಲಿಲ್ಲ, ಉಪವಾಸದ ದಿನವೂ ಅದಾಗಿರಲಿಲ್ಲ.

ಹುಟ್ಟಿದ್ದು ಸಾಲಿಗ್ರಾಮದ ಹತ್ತಿರದ ಹಳ್ಳಿಯಲ್ಲಿ, ಪುರೋಹಿತರ ಮನೆಯಲ್ಲಿ. ಅಪ್ಪ ಜಾತಕ ಬರೆಯುವಾಗ ಎದುರು ಕೂತು ನೋಡಿ ನೋಡಿಯೇ ಅವಳಿಗೆ ಕುಂಡಲಿ ಹಾಕುವುದು ಬಂದಿತ್ತು. ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಎಂದು ಅಜ್ಜಿ ಗದರಿದರೆ ಅಪ್ಪ ಕಿವುಡರಂತೆ ಇರುತ್ತಿದ್ದರು. ಮದುವೆಯಾಗಿ ಮದರಾಸಿಗೆ ಬಂದಳು. ಗಂಡ ಸೀತಾರಾಮ ರೈಲ್ವೆ ವರ್ಕ್‌ಶಾಪಿನ ಹತ್ತಿರದ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದ. ಈಗ ಆ ಕೆಲಸ ಬಿಟ್ಟು ಎಷ್ಟೋ ಕಾಲವಾದರೂ ದಿನ ಬೆಳಗಾದರೆ ಅದೇ ಹೋಟೆಲಿಗೆ ಹೋಗಿ, ಅದೇ ಗಲ್ಲಾದ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂತು ಬರುತ್ತಾನೆ. ಮಕ್ಕಳಾಗಲಿಲ್ಲ. ಅದರ ಬಗ್ಗೆ ಮನೆಯಲ್ಲಿ ಮಾತಾಡುವುದನ್ನೂ ಇಬ್ಬರೂ ಯಾವಾಗಲೋ ನಿಲ್ಲಿಸಿದ್ದರು.

ಕಂಪ್ಯೂಟರ್ ತಂದದ್ದು ಸೀತಾರಾಮನೇ, ಊರಿನ ಪೇಪರ್ ಓದಬಹುದು ಎಂದು. ಓದಿದ್ದು ಒಂದು ವಾರ. ಆಮೇಲೆ ಅದು ರತ್ನಕ್ಕನದಾಯಿತು. ಜಾತಕದ ಸಾಫ್ಟ್‌ವೇರ್ ಹಾಕಿಸಿಕೊಂಡಳು. ಹೋಟೆಲಿನ ಅಡುಗೆಯವರ ಮಕ್ಕಳು, ಬ್ಯಾಂಕಿನವರ ಮಕ್ಕಳು, ಈಚೆಗೆ ಬಂದ ಮೈಸೂರು ಕಡೆಯವರ ತಂಗಿ ತಮ್ಮಂದಿರು, ಎಲ್ಲರ ಕುಂಡಲಿಯೂ ಅವಳ ಕೈಯಲ್ಲಿ ಹಾದುಹೋಗತೊಡಗಿತು. ಹುಟ್ಟಿದ ಗಳಿಗೆ ಹಾಕಿದರೆ ಗ್ರಹಗಳೆಲ್ಲ ತಾವಾಗಿಯೇ ಮನೆ ಹಿಡಿದು ಕೂರುವುದನ್ನು ನೋಡುವಾಗ ಅವಳಿಗೆ ಒಂದು ಬಗೆಯ ಜಂಬವೇ ಆಗುತ್ತಿತ್ತು. ಅಪ್ಪ ಇದ್ದಿದ್ದರೆ ಹೇಳಬೇಕಿತ್ತು ಅನ್ನಿಸುತ್ತಿತ್ತು.

ಈ ಹಳೆಯ ಸಾಫ್ಟ್‌ವೇರ್ ಕಳೆದ ತಿಂಗಳು ಮುಷ್ಕರ ಹೂಡಿತು. ತೆರೆಯಲೇ ಒಲ್ಲದು. ರತ್ನಕ್ಕ ಹುಡುಕಿದಳು, ಒಂದು ವೀಡಿಯೊ ಸಿಕ್ಕಿತು. ಗಂಭೀರ ದನಿಯ ಗಂಡಸೊಬ್ಬ ಹೊಸ ಜಾತಕ ಸಾಫ್ಟ್‌ವೇರನ್ನು ಪುಕ್ಕಟೆ ಇಳಿಸಿಕೊಳ್ಳುವುದು ಹೇಗೆಂದು ಹೇಳಿಕೊಟ್ಟ. ಮೊದಲು ಗಣಪತಿಗೆ ಕೈಮುಗಿದ. ಆಮೇಲೆ, ಕಂಪ್ಯೂಟರಿನ ಆಂಟಿವೈರಸ್ ಸುಮ್ಮಸುಮ್ಮನೆ ತಕರಾರು ಮಾಡುತ್ತದೆ, ಅದನ್ನು ಆಫ್ ಮಾಡಿ ಎಂದ. ಗಣಪತಿಗೆ ಕೈಮುಗಿದವನು ಸುಳ್ಳು ಹೇಳುತ್ತಾನೆಯೇ? ಮನೆ ಬಾಗಿಲಲ್ಲಿ ಹಾಲಿನ ಪೊಟ್ಟಣಕ್ಕೂ ನೀರು ಚಿಮುಕಿಸುವ ಹೆಂಗಸು ಕಾವಲಿನವನನ್ನು ತಾನೇ ಎಬ್ಬಿಸಿ ಕಳಿಸಿ, ಬಾಗಿಲು ಹಾರುಹೊಡೆದು, ಬಾ ಎಂದು ಕರೆದಳು.

ಹೊಸ ಸಾಫ್ಟ್‌ವೇರ್ ಚೆನ್ನಾಗಿಯೇ ಕೆಲಸ ಮಾಡಿತು. ಅದರಲ್ಲಿ ಬರೆದ ಮೊದಲ ಜಾತಕ ಎದುರುಮನೆಯ ನೀರಜಾಳ ತಮ್ಮ ವರುಣ್‌ದು.

ನೀರಜಾ ಮಂಡ್ಯದ ಕಡೆಯವಳು. ಗಂಡ ರೈಲು ಡಬ್ಬಿ ಕಾರ್ಖಾನೆಯಲ್ಲಿ ಎಂಜಿನಿಯರ್. ನಾಲ್ಕು ವರ್ಷದ ಹಿಂದೆ ಎದುರು ಬಾಗಿಲಿಗೆ ಬಂದಾಗ ತೊದಲು ಮಾತಾಡುತ್ತಿದ್ದ ಮಗಳು ಮೌನ ಈಗ ಒಂದನೇ ಕ್ಲಾಸು. ಭಾನುವಾರ ಆ ಮನೆಯಿಂದ ಮಸಾಲೆ ಹುರಿಯುವ ವಾಸನೆ ಬಂದರೆ ರತ್ನಕ್ಕ ಈ ಕಡೆ ಊದುಬತ್ತಿ ಹಚ್ಚುವುದು, ಅದು ಕಂಡರೂ ಕಾಣದ ಹಾಗೆ ನೀರಜಾ ಇರುವುದು, ಹೀಗೆ ಶುರುವಾದ ನೆರೆಹೊರೆ ಅದು. ಆದರೂ ಸಂಜೆಯಾದರೆ ಇಬ್ಬರೂ ಅವರವರ ಹೊಸ್ತಿಲಲ್ಲಿ ನಿಂತು ಮಾತಾಡುವುದು ತಪ್ಪುತ್ತಿರಲಿಲ್ಲ. ಸುತ್ತ ಎಲ್ಲರೂ ತಮಿಳು ಮಾತಾಡುವ ಕಡೆ ಕನ್ನಡದ ಒಂದು ಕಿವಿ ಸಿಕ್ಕಿದರೆ ಸಣ್ಣ ಸಂಗತಿಯಲ್ಲ.

ಮೊದಲ ದೀಪಾವಳಿಗೆ ನೀರಜಾ ಕಜ್ಜಾಯ ಮಾಡಿ ತಂದಿದ್ದಳು. ಅಲ್ಲೇ ಇಡು ಎಂದಳು ರತ್ನಕ್ಕ. ಆ ಕಜ್ಜಾಯ ಆಮೇಲೆ ನೆಲ ಒರೆಸುವ ಹೆಂಗಸಿನ ಚೀಲ ಸೇರಿತು, ಅವಳು ಅದನ್ನು ಹಿಡಿದು ಮೆಟ್ಟಿಲಿಳಿಯುವಾಗ ನೀರಜಾ ಎದುರು ಬಂದಳು. ಚೀಲ ನೋಡಿ ದಾರಿ ಬಿಟ್ಟಳು. ಮರುವರ್ಷ ದೀಪಾವಳಿಗೆ ಒಂದು ಚಿಪ್ಪು ಬಾಳೆಹಣ್ಣು ತಂದು, ಯಾರೂ ಹೇಳುವ ಮೊದಲೇ ಕಟ್ಟೆಯ ಮೇಲಿಟ್ಟು, ಹಿಂದೆ ಸರಿದು ನಿಂತಳು. ಮಗು ಮೌನ ಕೂಡ ಕಲಿತುಬಿಟ್ಟಿತು. ರತ್ನಕ್ಕನ ಹೊಸ್ತಿಲ ಮುಂದೆ ಬಂದರೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ನಾ ತೊಡಲ, ಪಾಟಿ" ಎನ್ನುತ್ತಿತ್ತು. ನಾ ಮುಟ್ಟಿಲ್ಲ ಅಜ್ಜಿ ಎಂದು ತಮಿಳಿನಲ್ಲಿ. ಅದರ ಜಾಣತನ ನೋಡಿ ರತ್ನಕ್ಕ ಮೆಚ್ಚಿಕೊಳ್ಳುತ್ತಿದ್ದಳು. ಮೆಚ್ಚುವುದಕ್ಕೆ ಅದರಲ್ಲಿ ಏನಿತ್ತು ಎಂದು ಕೇಳುವವರು ಯಾರೂ ಇರಲಿಲ್ಲ.

ಮಗು ಹುಟ್ಟಿದಾಗ ಬಿಟ್ಟಿದ್ದ ಕೆಲಸ ನೀರಜಾಳಿಗೆ ಮತ್ತೆ ಸಿಕ್ಕಿದ್ದು ಈಚೆಗೆ. ಎಷ್ಟು ಕಡೆ ಅರ್ಜಿ ಹಾಕಿದ್ದಳೋ, ಎಷ್ಟು ಕಡೆ ಇಷ್ಟು ವರ್ಷ ಸುಮ್ಮನಿದ್ದಿರಲ್ಲ ಎಂದು ಕೇಳಿಸಿಕೊಂಡಿದ್ದಳೋ. ಆಫೀಸಿನವರು ಲ್ಯಾಪ್‌ಟಾಪ್ ಕೊಟ್ಟಿದ್ದರು, ಮನೆಯಿಂದಲೇ ಕೆಲಸ. ಇನ್ನೂ ಕಾಯಂ ಆಗಿರಲಿಲ್ಲ. ಅವಳ ಜೊತೆಯವನೊಬ್ಬನ ಲ್ಯಾಪ್‌ಟಾಪಿನಿಂದ ಆಫೀಸಿಗೆ ವೈರಸ್ ಹೊಕ್ಕಿತೆಂದು ಅವನನ್ನು ಆ ಸಂಜೆಯೇ ಕೆಲಸದಿಂದ ತೆಗೆದ ಕತೆಯನ್ನು ಹೊಸ್ತಿಲಲ್ಲಿ ನಿಂತು ಹೇಳಿದವಳೂ ನೀರಜಾಳೇ.

ಶುಕ್ರವಾರ ಸಂಜೆ ವರುಣ್‌ನ ಜಾತಕ ಮುಗಿಯಿತು. ರತ್ನಕ್ಕನ ಪ್ರಿಂಟರಿನಲ್ಲಿ ಶಾಯಿ ಇರಲಿಲ್ಲ. ನೀಲಿ ಪೆನ್ ಡ್ರೈವಿಗೆ ಹಾಕಿ ಕಟ್ಟೆಯ ಮೇಲಿಟ್ಟಳು.

"ನಿಮ್ಮ ಆಫೀಸಿನ ಮೆಶೀನಿಗೆ ಇದನ್ನ ಹಾಕ್ಲಕ್ಕಾ?" ಎಂದು ಕೇಳಿದ್ದಳು ಕೂಡ.

"ಹಾಕ್ಬಾರ್ದು ಅಂತಾರೆ ರತ್ನಕ್ಕ. ಆದ್ರೆ ಒಂದು ಪ್ರಿಂಟ್ ತಾನೆ," ಎಂದು ನಕ್ಕಿದ್ದಳು ನೀರಜಾ. "ಬೇರೆಯೋರ ಪೆನ್ ಡ್ರೈವ್ ಆಗಿದ್ರೆ ನಾನೂ ಯೋಚ್ನೆ ಮಾಡ್ತಿದ್ದೆ. ನಿಮ್ಮನೆಯಿಂದ ಬಂದಿದ್ದು ಅಂದ್ಮೇಲೆ ಗಲೀಜು ಇರುತ್ತಾ?"

ಶನಿವಾರ ಕಂಪ್ಯೂಟರಿಗೆ ದೆವ್ವ ಹಿಡಿಯಿತು. ಒಳಗಿನ ಫ್ಯಾನು ಗೋಳಾಡತೊಡಗಿತು. ಪಂಚಾಂಗದ ಪುಟ ತೆರೆದರೆ ಅರೆಬಟ್ಟೆಯ ಹೆಂಗಸೊಬ್ಬಳು ಬಂದು ಏನೋ ಮಾರತೊಡಗಿದಳು, ಅದೂ ಸೀತಾರಾಮ ಕಾಫಿ ಕುಡಿಯುತ್ತಾ ಹಿಂದೆಯೇ ನಿಂತಿದ್ದಾಗ. ಅವಳನ್ನು ಮುಚ್ಚಿದರೆ ಕೆಂಪು ಪರದೆಯೊಂದು ಎದ್ದು, ಆಂಬುಲೆನ್ಸಿನ ಹಾಗೆ ಕೂಗುತ್ತಾ, ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಕೂಡಲೇ ಈ ನಂಬರಿಗೆ ಫೋನ್ ಮಾಡಿ ಎಂದಿತು. ರತ್ನಕ್ಕ ನಂಬರ್ ಒತ್ತಿದ್ದಳು, ಕೊನೆಯ ಅಂಕಿಯೊಂದು ಬಾಕಿ. ಏನನ್ನಿಸಿತೋ, ಆ ನಂಬರ್ ಬಿಟ್ಟು ತಮ್ಮನ ಮಗ ದೀಕ್ಷಿತ್‌ಗೆ ಮಾಡಿದಳು. ಅವಳ ಪುಣ್ಯ.

ದೀಕ್ಷಿತ್ ಕಂಪ್ಯೂಟರ್ ಓದಿ, ಎಲ್ಲೋ ನಾಲ್ಕು ದಿನ ಕೆಲಸ ಮಾಡಿ, ಕಡೆಗೆ ಬೆಸೆಂಟ್ ನಗರದಲ್ಲಿ ಅಪ್ಪನ ಹೋಟೆಲಿಗೇ ಬಂದು ಕೂತವನು. ಭಾನುವಾರ ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು ಸಿಗುವ ಬಿಡುವಿನಲ್ಲಿ ಬೈಕ್ ಹತ್ತಿ ಬಂದ. ಬಂದವನೇ ಮಾಡಿದ ಮೊದಲ ಕೆಲಸ ಇಂಟರ್‌ನೆಟ್ಟಿನ ತಂತಿ ಕಿತ್ತದ್ದು.

"ಎಂತಕೆ ಅದನ್ನ ತೆಗ್ದದ್ದ್?"

"ಒಳಗಿದ್ದದ್ದ್ ಹೊರಗೆ ಮಾತಾಡುಕಾಗ, ಅತ್ತೆ. ಹೊರಗಿನವ ಒಳಗೆ ಬರುಕೂ ಆಗ. ಮೊದಲ್ ಬಾಗ್ಲ್ ಹಾಕುದು, ಆಮೇಲೆ ಗುಡ್ಸುದು." ಅವನು ಕುರ್ಚಿ ಎಳೆದುಕೊಂಡ. "ಎಂತ ಇಳಿಸ್ದ್ರಿ ಹೇಳಿ. ನಿಜ ಹೇಳಿ."

ಹೇಳಿದಳು. ಆಂಟಿವೈರಸ್ ಆಫ್ ಮಾಡಿದ್ದನ್ನು ಹೇಳುವಾಗ ದನಿ ಇಳಿದಿತ್ತು. ಅವನು ಬೈಯಲಿಲ್ಲ, ತಲೆಯ ಮೇಲೆ ಕೈಯಿಟ್ಟುಕೊಂಡ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಕಂಪ್ಯೂಟರನ್ನು ಆರಿಸಿ, ಸೇಫ್ ಮೋಡ್ ಎಂಬುದರಲ್ಲಿ ಮತ್ತೆ ಎಬ್ಬಿಸಿದ. ಅದರಲ್ಲಿ ಬರಿಯ ಅಗತ್ಯದ್ದಷ್ಟೇ ಎದ್ದೇಳುತ್ತದಂತೆ, ಕಳ್ಳರು ಮಲಗಿಯೇ ಇರುತ್ತಾರಂತೆ. ಪರದೆ ಸೊರಗಿ, ಅಕ್ಷರಗಳು ದೊಡ್ಡದಾಗಿ, ಕಾಯಿಲೆ ಬಿದ್ದು ಎದ್ದವರ ಮುಖದಂತೆ ಕಂಡಿತು. ಜಾತಕದ ಸಾಫ್ಟ್‌ವೇರನ್ನು ಕಿತ್ತುಹಾಕಿದ. ಅದರ ಬೆನ್ನಿಗೇ ಬಂದು ಕೂತಿದ್ದ, ರತ್ನಕ್ಕ ಹೆಸರೇ ಕೇಳದ ಇನ್ನೆರಡನ್ನು ಕಿತ್ತ. ಬ್ರೌಸರಿನೊಳಗೆ ಅಂಟಿಕೊಂಡಿದ್ದನ್ನು ತೆಗೆದ. ಆಮೇಲೆ ಜೇಬಿನಿಂದ, ವೈರಸ್ ಹುಡುಕುವ ಸಾಫ್ಟ್‌ವೇರಿದ್ದ ತನ್ನ ಪೆನ್ ಡ್ರೈವ್ ತೆಗೆದು, ಅದರ ಪಕ್ಕದ ಸಣ್ಣ ಗುಂಡಿಯನ್ನು ಉಗುರಿನಿಂದ ಸರಿಸಿದ.

"ಇದಕ್ಕೆ ಬೀಗ ಇತ್ತ್. ಬೀಗ ಹಾಕಿದ್ರೆ ಇದ್ರಿಂದ ಓದುಕಕ್ಕು, ಇದ್ರ ಮೇಲೆ ಯಾರೂ ಬರುಕಾಗ. ಇಲ್ದಿದ್ರೆ ನಿಮ್ಮ ರೋಗ ನಂಗೂ ಬತ್ತ್."

"ಪೆನ್ ಡ್ರೈವಿಗೆ ಹತ್ತುತ್ತಾ ಅದ್?"

ಅವನು ಪರದೆಯನ್ನೇ ನೋಡುತ್ತಿದ್ದ. ಹಸಿರು ಪಟ್ಟಿ ನಿಧಾನಕ್ಕೆ ಮುಂದೆ ತೆವಳುತ್ತಿತ್ತು. ಕೆಳಗೆ ಕೆಂಪಕ್ಷರದಲ್ಲಿ ಒಂದೊಂದೇ ಹೆಸರು ಬಂದು ಸೇರುತ್ತಿತ್ತು. ರತ್ನಕ್ಕ ಅವನ ಬೆನ್ನ ಹಿಂದೆ ನಿಂತು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. ಪಟ್ಟಿ ಅರ್ಧಕ್ಕೆ ಬಂದಾಗ ಅವನು ಒಂದು ಹೆಸರಿನ ಮೇಲೆ ಬೆರಳಿಟ್ಟ.

"ಇದ್ ಕಾಣಿ. ಇದ್ ಸಾಮಾನ್ಯದ್ದಲ್ಲ. ನೀವ್ ಒತ್ತಿದ ಅಕ್ಷರ ಎಲ್ಲ ಕದ್ದು ಕಾಣ್ತ್, ಪಾಸ್‌ವರ್ಡ್ ಎಲ್ಲ. ಮತ್ತೆ ಯಾವ ಪೆನ್ ಡ್ರೈವ್ ಹಾಕಿದ್ರೂ ಅದ್ರೊಳಗೆ ಹೋಯ್ ಕೂಕಂತ್. ಆ ಪೆನ್ ಡ್ರೈವ್ ಯಾವ ಕಂಪ್ಯೂಟರಿಗೆ ಹಾಕಿದ್ರೂ ಅದಕ್ಕೂ." ಅತ್ತೆಯ ಕಡೆ ತಿರುಗಿ, ಸುಲಭ ಮಾಡಿ ಹೇಳುವಂತೆ ಮುಗುಳ್ನಕ್ಕ. "ನಿಮ್ಗೆ ಗೊತ್ತಿಲ್ದ್ ಎಂತ ಇತ್ತ್? ಮೈಲಿಗೆ ಅಲ್ದಾ? ಇದನ್ನ ಮುಟ್ಟಿದ್ದ್ ಮೈಲಿಗೆ, ಆ ಮುಟ್ಟಿದ್ದನ್ನ ಮುಟ್ಟಿದ್ದೂ ಮೈಲಿಗೆ."

ರತ್ನಕ್ಕನ ಕೈಯಲ್ಲಿದ್ದ ಸೆರಗು ಜಾರಿತು.

ಈ ಲೆಕ್ಕ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹುಟ್ಟಿದಂದಿನಿಂದ ಮಾಡಿಕೊಂಡು ಬಂದ ಲೆಕ್ಕ. ಚಾಪೆ ಯಾವುದನ್ನು ಮುಟ್ಟಿತು, ಗೋಡೆಗೆ ಒರಗಿದ್ದು ಯಾರು, ಒಣಗಿದ ಸೀರೆಗೆ ಯಾರ ನೆರಳು ಸೋಕಿತು ಎಂದು ಒಂದರ ಹಿಂದೊಂದು ಕೊಂಡಿ ಹಿಡಿದು ಹೋಗುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಈಗಲೂ ಮನಸ್ಸು ತಾನಾಗಿಯೇ ಹೊರಟಿತು. ಈ ಕಂಪ್ಯೂಟರ್. ಇದನ್ನು ಮುಟ್ಟಿದ ನೀಲಿ ಪೆನ್ ಡ್ರೈವ್. ಅದನ್ನು ಮುಟ್ಟಿದ ಲ್ಯಾಪ್‌ಟಾಪ್. ಲ್ಯಾಪ್‌ಟಾಪಿನ ಆಚೆ ಒಂದು ಇಡೀ ಆಫೀಸು. ಮೊದಲ ಕೊಂಡಿ ತನ್ನದೇ ಕೈ. ಇಷ್ಟು ಕಾಲ ಅವಳ ಲೆಕ್ಕದಲ್ಲಿ ಮೈಲಿಗೆ ಎಂಬುದು ಸದಾ ಹೊಸ್ತಿಲ ಆಚೆಯಿಂದ ಬರುತ್ತಿತ್ತು.

"ನೀರಜಾನಿಗೆ ಕೊಟ್ಟಿದೆ, ಮಗಾ. ಶುಕ್ರವಾರ. ಅದ್ರ ಆಫೀಸಿನ ಮೆಶೀನಿಗೆ ಹಾಕ್ತೆ ಅಂದಿತ್ತ್."

ದೀಕ್ಷಿತ್‌ನ ಮುಖದ ನಗು ಹೋಯಿತು.

ಎದುರು ಬಾಗಿಲಿಗೆ ಬೀಗ. ಭಾನುವಾರ ಮಗುವನ್ನು ಬೀಚಿಗೆ ಕರೆದುಕೊಂಡು ಹೋಗಿದ್ದಾರೆಂದು ಕೆಳಗಿನ ಮನೆಯವರು ಹೇಳಿದರು. ಫೋನ್ ಮಾಡಿದಳು, ಎತ್ತಲಿಲ್ಲ. ಮತ್ತೆ ಮಾಡಿದಳು. ಅಲೆಯ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ. ಮೆಸೇಜ್ ಹಾಕಬಹುದಿತ್ತು. ಪೆನ್ ಡ್ರೈವ್ ಹಾಕಬೇಡ ಎಂದು ಒಂದು ಸಾಲು. ಹಾಕಲು ಹೋಗಿ, ಎರಡು ಪದ ಬರೆದು, ಅಳಿಸಿದಳು. ಬರೆದರೆ ಯಾಕೆ ಎಂದು ಬರೆಯಬೇಕು. ಬರೆದದ್ದು ಇನ್ನೊಬ್ಬರ ಫೋನಿನಲ್ಲಿ ಹಾಗೇ ಉಳಿಯುತ್ತದೆ, ರತ್ನಕ್ಕನ ಮನೆಯಿಂದ ಗಲೀಜು ಬಂತು ಎಂದು. ಒಂದು ಹೆಣ್ಣಿನ ಕೆಲಸ ಹೋಗುವ ಹೊತ್ತಿನಲ್ಲಿ ತಾನು ತನ್ನ ಹೆಸರನ್ನು ಕಾಯುತ್ತಿದ್ದೇನೆ ಎಂಬುದು ಅವಳಿಗೆ ಹೊಳೆಯಿತು. ಹೊಳೆದರೂ ಬೆರಳು ಮುಂದೆ ಹೋಗಲಿಲ್ಲ.

ಒಳಗೆ ಹಸಿರು ಪಟ್ಟಿ ಕೊನೆ ಮುಟ್ಟಿತ್ತು. ಸಿಕ್ಕಿದ್ದನ್ನೆಲ್ಲ ದೀಕ್ಷಿತ್ ಅಳಿಸಿ, ಕಂಪ್ಯೂಟರನ್ನು ಮತ್ತೆ ಎಬ್ಬಿಸಿ, ಎರಡನೇ ಸಲ ಹುಡುಕಲು ಬಿಟ್ಟ. ಅದು ಹುಡುಕುವಷ್ಟರಲ್ಲಿ ತನ್ನ ಫೋನಿನಿಂದ ಅತ್ತೆಯ ಬ್ಯಾಂಕಿನದು, ಇಮೇಲಿನದು ಎಂದು ಎಲ್ಲ ಪಾಸ್‌ವರ್ಡ್ ಬದಲಿಸಿದ. ಹೊಸ ಪಾಸ್‌ವರ್ಡ್ ಏನಿಡಲಿ ಎಂದು ಕೇಳಿದರೆ ರತ್ನಕ್ಕ ಎಂತದಾದ್ರೂ ಇಡು ಎಂದಳು. ಅವಳ ಕಿವಿಯೆಲ್ಲ ಮೆಟ್ಟಿಲ ಕಡೆ.

ಎರಡನೇ ಸಲ ಏನೂ ಸಿಗಲಿಲ್ಲ. ಫ್ಯಾನಿನ ಗೋಳು ನಿಂತಿತ್ತು.

"ನಿಮ್ದ್ ಶುದ್ಧ ಆಯ್ತ್," ಎಂದ ದೀಕ್ಷಿತ್. ಎದ್ದು ಹೆಲ್ಮೆಟ್ ಕೈಗೆ ತೆಗೆದುಕೊಂಡವನು, ದನಿ ತಗ್ಗಿಸಿದ. "ಅತ್ತೆ, ಒಂದ್ ಮಾತ್. ನೀವ್ ಎಂತದೂ ಹೇಳುಕ್ ಹೋಗ್ಬೇಡಿ. ಪೆನ್ ಡ್ರೈವ್ ಬೇಕಿತ್ತ್ ಅಂತ ವಾಪಸ್ ಇಸ್ಕೊಳ್ಳಿ, ಸಾಕ್. ಹಾಕದಿದ್ರೆ ಒಳ್ಳೇದೇ ಆಯ್ತ್. ಹಾಕಿದ್ರೆ ಅವ್ರ ಆಫೀಸಿನವ್ರಿಗೆ ಹೆಂಗೂ ಗೊತ್ತಾತ್ತ್, ಆದ್ರೆ ಎಲ್ಲಿಂದ ಬಂತ್ ಅಂತ ಯಾರಿಗೂ ಗೊತ್ತಾಗ. ನಿಮ್ಮ ಹೆಸ್ರ್ ಎಂತಕೆ ಬರ್ಕ್?"

ಅವನು ಕೆಟ್ಟವನಲ್ಲ. ಅತ್ತೆಯ ಮೇಲಿನ ಪ್ರೀತಿಗೆ ಹೇಳಿದ. ಆ ಮಾತು ರತ್ನಕ್ಕನಿಗೆ ಕಹಿ ಅನ್ನಿಸಲಿಲ್ಲ, ಅದೇ ಅವಳನ್ನು ಹೆದರಿಸಿತು.

ಸಂಜೆಗೆ ಸ್ನಾನ ಮಾಡಿ ಮಡಿಯುಟ್ಟು, ದೀಪಕ್ಕೆ ಬತ್ತಿ ಹಾಕಿಟ್ಟು ಹೊಸ್ತಿಲಲ್ಲಿ ನಿಂತಳು. ಏನೇನೋ ಕಣ್ಣೆದುರು ಬಂತು. ಲ್ಯಾಪ್‌ಟಾಪ್ ವಾಪಸು ಕೊಂಡುಹೋಗಲು ಆಫೀಸಿನಿಂದ ಯಾರೋ ಬಂದ ಹಾಗೆ. ಸಂಜೆಯ ಮಾತಿಗೆ ಎದುರು ಬಾಗಿಲು ತೆರೆಯದ ಹಾಗೆ. ಇಷ್ಟು ವರ್ಷ ಸುಮ್ಮನಿದ್ದಿರಲ್ಲ ಎಂದು ಮತ್ತೆ ಯಾರೋ ನೀರಜಾಳನ್ನು ಕೇಳಿದ ಹಾಗೆ. ರತ್ನಕ್ಕ ದೇವರಿಗೆ ಹರಕೆ ಹೊತ್ತಳು. ಯಾವ ದೇವರಿಗೆ, ಏನು ಹೊತ್ತಳು ಎಂಬುದು ಆಮೇಲೆ ನೆನಪಾಗಲಿಲ್ಲ.

ಮೆಟ್ಟಿಲಲ್ಲಿ ಚಪ್ಪಲಿಯ ಸದ್ದಾಯಿತು. ಮೊದಲು ಬಂದದ್ದು ಮೌನ, ಮಂಡಿಯವರೆಗೂ ಮರಳು. ಹಿಂದೆ ನೀರಜಾ, ಒಂದು ಕೈಯಲ್ಲಿ ಒದ್ದೆ ಫ್ರಾಕು, ಇನ್ನೊಂದರಲ್ಲಿ ಬೀಗದ ಕೈ. ಗಂಡ ಕೆಳಗೆ ಗಾಡಿ ನಿಲ್ಲಿಸುತ್ತಿದ್ದ.

"ಫೋನ್ ಮಾಡಿದ್ರಾ ರತ್ನಕ್ಕ? ಈಗ ನೋಡ್ದೆ. ಬ್ಯಾಗಲ್ಲಿತ್ತು."

"ಹೂಂ. ಎಂತ ಇಲ್ಲ. ಆ ನೀಲಿ ಪೆನ್ ಡ್ರೈವ್ ಬೇಕಿತ್ತ್. ಪ್ರಿಂಟ್ ತೆಗ್ದಾಯ್ತಾ?"

ನೀರಜಾ ನಾಲಿಗೆ ಕಚ್ಚಿಕೊಂಡಳು. "ಇನ್ನೂ ಮುಟ್ಟೇ ಇಲ್ಲ ಕಣ್ರೀ, ಬೈಬೇಡಿ. ಅವತ್ತೇ ನಮ್ಮವ್ವಂಗೆ ಫೋನ್ ಮಾಡಿ ಜಾತಕ ಬಂತು ಅಂದೆ. ಶನಿವಾರ ಅಮಾವಾಸ್ಯೆ, ಭಾನುವಾರ ಪಾಡ್ಯ, ಎರಡೂ ಕಳೀಲಿ, ಅಲ್ಲೀವರ್ಗೂ ದೇವ್ರ ಮುಂದೆ ಇಡು, ಸೋಮವಾರ ಬೆಳಿಗ್ಗೆ ತೆಗಿ ಅಂದ್ರು. ಇಲ್ಲಿಯೋರಿಗೆ ಅಮಾವಾಸ್ಯೆ ಒಳ್ಳೇದಂತೆ, ನಮ್ಗಲ್ವಲ್ಲ. ನಾಳೆ ಕೆಲ್ಸ ಶುರು ಮಾಡೋಕೆ ಮೊದ್ಲು ಅದೇ ಪ್ರಿಂಟ್ ಅಂತ ಇದ್ದೆ."

ರತ್ನಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಪಂಚಾಂಗ ನೋಡುವವಳು ತಾನು, ಅಮಾವಾಸ್ಯೆ ಎಂದು ಹೇಳಬೇಕಾದವಳು ತಾನು, ಹೊಸ ಸಾಫ್ಟ್‌ವೇರಿನ ಉತ್ಸಾಹದಲ್ಲಿ ಅದನ್ನೂ ಮರೆತಿದ್ದಳು. ಮಂಡ್ಯದಲ್ಲಿ ಕೂತ ನೀರಜಾಳ ಅವ್ವ ಸಾಕಮ್ಮನಿಗೆ ನೆನಪಿತ್ತು. ಸಾಕಮ್ಮನಿಗೆ ಮನಸ್ಸಿನಲ್ಲೇ ಕೈಮುಗಿದಳು.

"ಬೇಕಾ ಈಗ್ಲೇ? ಇರಿ, ನೀವು ಮಡೀಲಿದೀರಿ, ನಾನು ಸಮುದ್ರದಿಂದ ಬಂದಿದೀನಿ. ಕೈಕಾಲು ತೊಳ್ಕೊಂಡು ತರ್ತೀನಿ," ಎಂದು ನೀರಜಾ ಒಳಗೆ ಹೋದಳು.

ನಲ್ಲಿಯ ನೀರು ಸುರಿಯುವ ಸದ್ದು ಕೇಳಿಸಿತು. ಅವಳು ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು. ಆ ಪೆನ್ ಡ್ರೈವನ್ನು ರತ್ನಕ್ಕನಿಗೆ ತಂದುಕೊಡಲು ಅವಳು ಕೈಕಾಲು ತೊಳೆಯುತ್ತಿದ್ದಳು. ರತ್ನಕ್ಕ ಆ ಸದ್ದನ್ನು ಕೇಳುತ್ತಾ ನಿಂತಳು. ಅದು ಮುಗಿಯಲೊಲ್ಲದು ಅನ್ನಿಸಿತು.

ನೀರಜಾ ಬಂದಳು. ನೀಲಿ ಪೆನ್ ಡ್ರೈವಿನ ಮೇಲೆ ಅರಿಶಿನ ಕುಂಕುಮದ ಬೊಟ್ಟು, ತುದಿಯಲ್ಲಿ ಸೇವಂತಿಗೆಯ ಒಂದು ಎಸಳು ಅಂಟಿಕೊಂಡಿತ್ತು. ಅದನ್ನು ಕಟ್ಟೆಯ ಮೇಲಿಟ್ಟು, ಎಂದಿನಂತೆ ಹಿಂದೆ ಸರಿದು ನಿಂತಳು.

ಬಗ್ಗಿ ಎತ್ತಿಕೊಂಡರೆ ಮುಗಿಯುತ್ತಿತ್ತು. ಯಾರ ಕೆಲಸವೂ ಹೋಗಿರಲಿಲ್ಲ. ಯಾರಿಗೂ ಏನೂ ಗೊತ್ತಾಗಿರಲಿಲ್ಲ. ದೀಕ್ಷಿತ್ ಹೇಳಿದಂತೆಯೇ ಎಲ್ಲ ಕೂಡಿಬಂದಿತ್ತು. ರತ್ನಕ್ಕ ಬಗ್ಗಿದಳು ಕೂಡ. ಅಭ್ಯಾಸಬಲದಿಂದ ಕೈ ನೀರಿನ ಚೆಂಬಿನ ಕಡೆ ಹೋಯಿತು, ಎತ್ತಿಕೊಳ್ಳುವ ಮೊದಲು ಚಿಮುಕಿಸಲು. ಚೆಂಬು ಮುಟ್ಟಿದ ಕೈ ಅಲ್ಲೇ ನಿಂತಿತು. ನಾಚಿಕೆಯಾಯಿತು ಅವಳಿಗೆ, ಮೈಯೆಲ್ಲ ಬಿಸಿಯಾಗುವಷ್ಟು.

"ನೀರಜಾ, ಅದ್ರಲ್ಲಿ ವೈರಸ್ ಇತ್ತ್," ಎಂದಳು. "ನನ್ನ ಕಂಪ್ಯೂಟರಿಂದ ಬಂದದ್ದ್. ನಾನೇ ತಂದ್ ಹಾಕ್ಕೊಂಡದ್ದ್. ನೀನ್ ಹಾಕಿದ್ರೆ ನಿನ್ನ ಆಫೀಸಿಗೇ ಹೋತಿತ್ತ್."

ನೀರಜಾಳ ಮುಖದಲ್ಲಿ ಬೀಚಿನಿಂದ ತಂದಿದ್ದ ಬಣ್ಣವೆಲ್ಲ ಇಳಿಯಿತು.

"ನಾಳೆ ಒಂಬತ್ತಕ್ಕೆ ಹಾಕ್ತಿದ್ದೆ ರತ್ನಕ್ಕ."

"ಹೌದು."

"ಯಾವಾಗ ಗೊತ್ತಾಯ್ತು ನಿಮಗೆ?"

"ಮಧ್ಯಾಹ್ನ."

"ಒಂದು ಮೆಸೇಜ್ ಹಾಕೋದಲ್ವಾ? ನಾನು ಫೋನ್ ಎತ್ಲಿಲ್ಲ ಅಂದ್ಮೇಲೆ? ಬೀಚಿಂದ ಬಂದು ಇವತ್ತೇ ಪ್ರಿಂಟ್ ತೆಗೆಯೋಣ ಅಂತ ಕೂತಿದ್ರೆ?" ದನಿ ಏರಲಿಲ್ಲ. "ಆ ಕೆಲ್ಸಕ್ಕೆ ನಾನು ಎಷ್ಟು ಒದ್ದಾಡಿದೀನಿ ಅಂತ ನಿಮಗೆ ಗೊತ್ತು. 'ನಿಮ್ಮನೇದು' ಅಂತ ತಾನೆ ಕಣ್ಮುಚ್ಚಿ ತಗೊಂಡೆ."

"ನಾಚ್ಕೆ ಆಯ್ತ್," ಎಂದಳು ರತ್ನಕ್ಕ. ಅದಕ್ಕಿಂತ ಒಳ್ಳೆಯ ಕಾರಣ ಅವಳ ಹತ್ತಿರ ಇರಲಿಲ್ಲ. "ವರುಣಂದು ನಾನ್ ಕೈಯಲ್ಲೇ ಬರ್ದ್ ಕೊಡ್ತೆ. ಅಪ್ಪಯ್ಯ ಬರೀತಿದ್ದ ಹಾಗೆ."

"ಈಗೇನೂ ಬೇಡ ರತ್ನಕ್ಕ. ಸ್ವಲ್ಪ ದಿನ ಬಿಡಿ."

ದೊಡ್ಡವರ ಮಾತು ಇತ್ತ ನಡೆಯುವಾಗ ಮೌನ ಕಟ್ಟೆಯ ಹತ್ತಿರ ಬಂದಿತ್ತು. ಕುಂಕುಮ ಹಚ್ಚಿಕೊಂಡ ನೀಲಿ ವಸ್ತು ಅದಕ್ಕೆ ಬಲು ಚಂದ ಕಂಡಿರಬೇಕು. ಕೈ ಚಾಚಿತು.

"ಮೌನಾ, ಮುಟ್ಟಬೇಡ," ಎಂದಳು ನೀರಜಾ.

ಮಗು ಥಟ್ಟನೆ ನಿಂತಿತು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿತು. ಅಮ್ಮನ ಕಡೆ ನೋಡಲಿಲ್ಲ, ರತ್ನಕ್ಕನ ಕಡೆ ನೋಡಿ ಹೇಳಿತು. "ನಾ ತೊಡಲ, ಪಾಟಿ."

ರತ್ನಕ್ಕ ಹೊಸ್ತಿಲು ದಾಟಿ ಬಂದಳು. ಪೆನ್ ಡ್ರೈವನ್ನು ನೀರು ಚಿಮುಕಿಸದೆ ಎತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಮಗುವಿನ ಮುಂದೆ ಕಷ್ಟಪಟ್ಟು ಕುಕ್ಕರುಗಾಲಿನಲ್ಲಿ ಕೂತು, ಅದರ ಬೆನ್ನ ಹಿಂದೆ ಕೈಹಾಕಿ, ಬಿಗಿಯಾಗಿ ಹೆಣೆದಿದ್ದ ಆ ಸಣ್ಣ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಎರಡೂ ಕೈಯನ್ನು ಮುಂದಕ್ಕೆ ತಂದು ತನ್ನ ಕೈಯೊಳಗೆ ಹಿಡಿದುಕೊಂಡಳು. ಮರಳು ಅಂಟಿತು. ಮಗು ಗಾಬರಿಯಾಗಿ ಅಮ್ಮನನ್ನು ನೋಡಿತು. ನೀರಜಾ ತನ್ನ ಹೊಸ್ತಿಲಲ್ಲೇ ನಿಂತಿದ್ದಳು, ಅವಳ ಸಿಟ್ಟು ಇಳಿದಿರಲಿಲ್ಲ, ಆದರೆ ಬಾಗಿಲು ಹಾಕಿಕೊಳ್ಳಲೂ ಇಲ್ಲ.

ದೀಪ ಹಚ್ಚುವ ಹೊತ್ತು ಮೀರುತ್ತಿತ್ತು. ರತ್ನಕ್ಕ ಒಳಗೆ ಬಂದು ದೀಪ ಹಚ್ಚಿದಳು. ಅದಕ್ಕೆ ಮೊದಲು ಮತ್ತೊಮ್ಮೆ ಸ್ನಾನ ಮಾಡಲಿಲ್ಲ.